ಗುರಿ ತಪ್ಪುವ ರಾಕೆಟ್ಟಿಗೆ ಬೆಲೆ ಕಟ್ಟಿದವರು

ಕೋಲಾರದ ಮಕ್ಬರಾದಲ್ಲಿ ಫತೇ ಮಹಮ್ಮದನ ಸಮಾಧಿ ಇದೆ. ಹೈದರ್ ಅಲಿಯ ತಂದೆ ಎಂಬ ಕಾರಣಕ್ಕೆ ಊರಿನವರಿಗೆ ಆ ಹೆಸರು ಗೊತ್ತು. ಆತನ ಕಸುಬು ಏನಾಗಿತ್ತು ಎಂದು ಕೇಳಿದರೆ ಹೇಳುವವರು ಕಡಿಮೆ. ಶಿರಾ ಸುಬೇದಾರನ ಕೈಕೆಳಗೆ ಕೋಲಾರದ ಫೌಜುದಾರನಾಗಿ ಬೂದಿಕೋಟೆಯನ್ನು ಜಹಗೀರು ಪಡೆದವನು ಆತ. ಅದಕ್ಕೂ ಹಿಂದೆ ಆರ್ಕಾಟಿನ ನವಾಬನ ಸೈನ್ಯದಲ್ಲಿ ಐವತ್ತು ಜನರ ಒಂದು ತುಕಡಿಯನ್ನು ನಡೆಸುತ್ತಿದ್ದ. ಆ ಐವತ್ತು ಜನರೂ ಬಿದಿರಿಗೆ ಕಟ್ಟಿದ ಅಗ್ನಿಬಾಣ, ಅಂದರೆ ಇಂದಿನ ಮಾತಿನ ರಾಕೆಟ್, ಹಾರಿಸುವವರು. ದೂರದಲ್ಲಿರುವ ತಮ್ಮ ಪಡೆಗೆ ಸನ್ನೆ ಕೊಡುವುದು ಆಗ ಅದರ ಮುಖ್ಯ ಕೆಲಸ. 1720ರ ಸುಮಾರಿಗೆ ಬೂದಿಕೋಟೆಯಲ್ಲಿ ಹುಟ್ಟಿದ ಮಗ ಮುಂದೆ ಅದನ್ನೇ ಯುದ್ಧದ ಆಯುಧ ಮಾಡಿಕೊಂಡ.

ರಾಕೆಟ್ ಅಗ್ಗದ ಆಯುಧ. ಗುರಿ ತಪ್ಪುವ ಆಯುಧವೂ ಹೌದು. ಅಂಥದ್ದಕ್ಕೆ ಹಣ ಹಾಕಬೇಕೇ ಬೇಡವೇ ಎಂಬ ಪ್ರಶ್ನೆ ಹೈದರನ ಮುಂದೆಯೂ ಇತ್ತು, ಅರ್ಧ ಶತಮಾನದ ನಂತರ ಲಂಡನ್ನಿನ ವುಲ್ವಿಚ್ ಶಸ್ತ್ರಾಗಾರದ ಮುಂದೆಯೂ ಬಂತು. ಇವತ್ತು ಕಡಿಮೆ ಬೆಲೆಯ ಪಿಸ್ತೂಲನ್ನು ಕೈಯಲ್ಲಿ ಹಿಡಿದು ತೂಗಿ ನೋಡುವವನೂ ಅದನ್ನೇ ಕೇಳಿಕೊಳ್ಳುತ್ತಾನೆ. ಉತ್ತರ ಒಂದೇ ಸಲಕ್ಕೆ, ಒಬ್ಬನಿಂದ ಸಿಗಲಿಲ್ಲ. ಅದು ಸಿಕ್ಕ ದಾರಿಯಲ್ಲಿ ನಮ್ಮ ಕೋಲಾರ ಜಿಲ್ಲೆಯ ಬಂಡೆಗಳೂ ಇವೆ, ಇಂಗ್ಲೆಂಡಿನ ಒಂದು ಮರದ ಹಲಗೆಯೂ ಇದೆ, ಮಲೆನಾಡಿನ ಒಂದು ಹಾಳು ಬಾವಿಯೂ ಇದೆ.

ಹಲಗೆಯಿಂದ ಶುರುಮಾಡುತ್ತೇನೆ. 1707ರಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ಹುಟ್ಟಿದ ಬೆಂಜಮಿನ್ ರಾಬಿನ್ಸ್ ಗಣಿತಜ್ಞ. ಕೋವಿಯಿಂದ ಹೊರಟ ಗುಂಡು ಎಷ್ಟು ವೇಗವಾಗಿ ಹೋಗುತ್ತದೆ ಎಂದು ಅಲ್ಲಿಯವರೆಗೆ ಯಾರೂ ಅಳೆದಿರಲಿಲ್ಲ. ಕಣ್ಣಿಗೆ ಕಾಣದ್ದನ್ನು, ಕ್ಷಣದಲ್ಲಿ ಮುಗಿದುಹೋಗುವುದನ್ನು ಅಳೆಯುವುದು ಹೇಗೆ? ರಾಬಿನ್ಸ್ ಒಂದು ಕಬ್ಬಿಣದ ಲೋಲಕ ಮಾಡಿಸಿ ಅದರ ಮುಖಕ್ಕೆ ದಪ್ಪ ಮರದ ಹಲಗೆ ಜಡಿಸಿದ. ಲೋಲಕದ ತುದಿಗೆ ಒಂದು ರಿಬ್ಬನ್ ಕಟ್ಟಿದ. ಗುಂಡು ಹಲಗೆಗೆ ಬಡಿದು ಒಳಗೇ ಹೂತುಕೊಂಡಾಗ ಲೋಲಕ ಹಿಂದಕ್ಕೆ ತೂಗುತ್ತದೆ, ತೂಗಿದಷ್ಟು ರಿಬ್ಬನ್ ಹೊರಕ್ಕೆ ಎಳೆದುಕೊಳ್ಳುತ್ತದೆ. ಗುಂಡಿನ ತೂಕ, ಲೋಲಕದ ತೂಕ, ರಿಬ್ಬನ್ನಿನ ಉದ್ದ ಇಷ್ಟು ಗೊತ್ತಾದರೆ ವೇಗ ಲೆಕ್ಕಕ್ಕೆ ಸಿಗುತ್ತದೆ. ಮಸ್ಕೆಟ್ ಕೋವಿಯ ಗುಂಡಿಗೆ ಸಿಕ್ಕ ಲೆಕ್ಕ ಸೆಕೆಂಡಿಗೆ ಸುಮಾರು 1,670 ಅಡಿ. ಈ ಪ್ರಯೋಗಗಳನ್ನೆಲ್ಲ ಆತ 1742ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಮೂರೇ ವರ್ಷಕ್ಕೆ ಲಿಯೊನಾರ್ಡ್ ಆಯ್ಲರ್ ಅದನ್ನು ಜರ್ಮನ್ ಭಾಷೆಗೆ ತಂದು, ತನ್ನ ಟಿಪ್ಪಣಿಗಳನ್ನೂ ಸೇರಿಸಿದ.

ಅಳತೆ ಸಿಕ್ಕ ಮೇಲೆ ಹಳೆಯ ನಂಬಿಕೆಗಳು ಒಂದೊಂದಾಗಿ ಬಿದ್ದವು. ಸೀಸದ ಗುಂಡು ಭಾರವಾಗಿರುವುದರಿಂದ ಗಾಳಿ ಅದನ್ನೇನೂ ಮಾಡುವುದಿಲ್ಲ ಎಂದು ಫಿರಂಗಿ ಪಂಡಿತರು ತಿಳಿದಿದ್ದರು. ಆ ವೇಗದಲ್ಲಿ ಗಾಳಿ ಗುಂಡನ್ನು ಅದರ ತೂಕದ 120 ಪಟ್ಟು ಬಲದಿಂದ ತಡೆಯುತ್ತದೆ ಎಂದು ರಾಬಿನ್ಸ್ ತೋರಿಸಿದ. ಗುರಿಯ ವಿಷಯಕ್ಕೆ ಬಂದರೆ ಆತ ಮಾಡಿದ ಇನ್ನೊಂದು ಪ್ರಯೋಗ ಇನ್ನೂ ಸೊಗಸಾದದ್ದು. ಒಂದು ಕೋವಿಯ ನಳಿಕೆಯ ತುದಿಯನ್ನು ಬೇಕೆಂದೇ ಸ್ವಲ್ಪ ಎಡಕ್ಕೆ ಬಗ್ಗಿಸಿದ. ಮುಂದೆ ಒಂದರ ಹಿಂದೆ ಒಂದರಂತೆ ತೆಳು ಕಾಗದದ ಪರದೆಗಳನ್ನು ನಿಲ್ಲಿಸಿ ಗುಂಡು ಹಾರಿಸಿದ. ಹತ್ತಿರದ ಪರದೆಯಲ್ಲಿ ತೂತು ಎಡಕ್ಕೆ ಬಿತ್ತು. ಅದು ಎಲ್ಲರೂ ನಿರೀಕ್ಷಿಸಿದ್ದೇ. ದೂರದ ಪರದೆಗಳಲ್ಲಿ ಗುಂಡು ತಿರುಗಿ ಬಲಕ್ಕೆ ಹೊರಳಿತ್ತು! ಬಗ್ಗಿದ ನಳಿಕೆಯ ಬಲಗೋಡೆಗೆ ಉಜ್ಜಿಕೊಂಡು ಬಂದ ಗುಂಡು ತನ್ನ ಸುತ್ತ ತಾನೇ ತಿರುಗುತ್ತ ಹೊರಟಿತ್ತು, ಆ ತಿರುಗು ಅದನ್ನು ಗಾಳಿಯಲ್ಲಿ ಪಕ್ಕಕ್ಕೆ ಎಳೆದಿತ್ತು. ನೂರು ವರ್ಷಗಳ ನಂತರ ಮಾಗ್ನಸ್ ಎಂಬ ಜರ್ಮನ್ ವಿಜ್ಞಾನಿಯ ಹೆಸರಿನಲ್ಲಿ ಪ್ರಸಿದ್ಧವಾದ ಪರಿಣಾಮವೇ ಇದು. ಕ್ರಿಕೆಟ್ಟಿನಲ್ಲಿ ಸ್ಪಿನ್ ಬೌಲರನ ಚೆಂಡು ಗಾಳಿಯಲ್ಲಿ ಸರಿಯುವುದಕ್ಕೂ ಅದೇ ಕಾರಣ.

ಅಲ್ಲಿಗೆ ಕೋವಿ ಗುರಿ ತಪ್ಪುವುದರ ಗುಟ್ಟು ಬಯಲಾಯಿತು. ಆ ಕಾಲದ ಕೋವಿಯ ನಳಿಕೆ ಒಳಗೆ ನುಣುಪು. ಬೇಗ ತುಂಬಲು ಅನುಕೂಲವಾಗಲಿ ಎಂದು ಗುಂಡನ್ನು ನಳಿಕೆಗಿಂತ ಸಣ್ಣದಾಗಿ ಎರಕ ಹೊಯ್ಯುತ್ತಿದ್ದರು. ಮದ್ದು ಹತ್ತಿಕೊಂಡಾಗ ಗುಂಡು ಆ ಗೋಡೆಗೊಮ್ಮೆ ಈ ಗೋಡೆಗೊಮ್ಮೆ ಬಡಿಯುತ್ತ ಹೊರಗೆ ಬರುತ್ತದೆ. ಕೊನೆಗೆ ಯಾವ ಗೋಡೆಗೆ ತಗುಲಿತೋ ಅದರ ಮೇಲೆ ಅದರ ತಿರುಗು, ತಿರುಗಿನ ಮೇಲೆ ಅದರ ದಾರಿ. ಪ್ರತಿ ಸಲವೂ ಬೇರೆ. ಹೊಡೆಯುವವನ ಕಣ್ಣು ಎಷ್ಟೇ ಚುರುಕಾಗಿರಲಿ, ಕೈ ಎಷ್ಟೇ ಗಟ್ಟಿಯಾಗಿರಲಿ, ಇದನ್ನು ಸರಿಪಡಿಸಲಾಗದು. ಗುಂಡು ಹೋಗುವ ದಾರಿಯನ್ನೇ ಅಚ್ಚಾಗಿ ಮಾಡಿಕೊಂಡು ತಿರುಗುವಂತೆ ನಳಿಕೆಯೊಳಗೆ ಸುರುಳಿ ಗೆರೆ ಕೊರೆಯಬೇಕು, ಆಗ ಮಾತ್ರ ಅದು ನೆಟ್ಟಗೆ ಹೋಗುತ್ತದೆ ಎಂದು 1747ರಲ್ಲಿ ರಾಬಿನ್ಸ್ ರಾಯಲ್ ಸೊಸೈಟಿಗೆ ತಿಳಿಸಿದ. ಸುರುಳಿ ಗೆರೆಯ ರೈಫಲ್‌ಗಳು ಬೇಟೆಗಾರರ ಬಳಿ ಮೊದಲೇ ಇದ್ದವು. ಅವು ದುಬಾರಿ, ತುಂಬುವುದು ನಿಧಾನ. ಸೈನ್ಯಗಳು ನುಣುಪು ನಳಿಕೆಯನ್ನೇ ಇಟ್ಟುಕೊಂಡವು.

ಅದರ ಫಲ ಏನು ಎಂಬುದನ್ನು ಪ್ರಷ್ಯಾದ ಸೈನ್ಯ 18ನೇ ಶತಮಾನದ ಕೊನೆಯಲ್ಲಿ ಅಳೆದು ನೋಡಿತು. 100 ಅಡಿ ಅಗಲ, 6 ಅಡಿ ಎತ್ತರದ ಗುರಿಯೊಂದನ್ನು ನಿಲ್ಲಿಸಿ, ಒಂದಿಡೀ ಪಡೆಯಿಂದ ಗುಂಡು ಹಾರಿಸಿದರು. ನೂರಕ್ಕೆ 60 ಗುಂಡು 75 ಗಜದಲ್ಲಿ ತಗುಲಿದವು, 40 ಗುಂಡು 150 ಗಜದಲ್ಲಿ, 25 ಗುಂಡು 225 ಗಜದಲ್ಲಿ. ನೆನಪಿಡಿ, ಇದು ಒಬ್ಬ ಮನುಷ್ಯನಷ್ಟು ದೊಡ್ಡ ಗುರಿಯಲ್ಲ, ಒಂದು ಮನೆಯ ಗೋಡೆಗಿಂತ ಅಗಲವಾದದ್ದು. ಎದುರಿನಿಂದ ಯಾರೂ ತಿರುಗಿ ಹೊಡೆಯುತ್ತಿರಲಿಲ್ಲ, ಹೊಗೆಯ ನಡುವೆ ಕೈ ನಡುಗುತ್ತಿರಲಿಲ್ಲ. ಇಷ್ಟಾದರೂ 225 ಗಜದಲ್ಲಿ ನಾಲ್ಕರಲ್ಲಿ ಮೂರು ಗುಂಡು ವ್ಯರ್ಥ. ನನ್ನ ಪ್ರಕಾರ ಈ ಕತೆಯಲ್ಲಿ ಇದೇ ಅತಿ ಮುಖ್ಯವಾದ ಲೆಕ್ಕ. ಯೂರೋಪಿನ ದುಬಾರಿ, ಶಿಸ್ತಿನ, ಹೆಮ್ಮೆಯ ಕೋವಿಯ ಗುರಿ ಇಷ್ಟೇ ಆಗಿದ್ದಾಗ, ಅಗ್ಗದ ಆಯುಧದ ಗುರಿಯನ್ನು ಯಾವುದರ ಪಕ್ಕದಲ್ಲಿಟ್ಟು ಅಳೆಯಬೇಕು?

ಪಿಸ್ತೂಲಿನ ಪಾಡಂತೂ ಇನ್ನೂ ಕಷ್ಟದ್ದು. ಗಿಡ್ಡ ನಳಿಕೆ, ನುಣುಪು ಒಳಮೈ, ಒಂದೇ ಕೈಯ ಹಿಡಿತ. ಕೆಲವೇ ಹೆಜ್ಜೆಗಳಾಚೆ ಅದನ್ನು ನಂಬುವಂತಿರಲಿಲ್ಲ. ಶ್ರೀರಂಗಪಟ್ಟಣದ ಕಾರ್ಖಾನೆಗಳಲ್ಲಿ ಹೈದರನ ಮಗ ಟಿಪ್ಪುವಿಗಾಗಿ ಮಾಡಿದ ಪಿಸ್ತೂಲುಗಳ ಚಿತ್ರ ನೋಡಿದವರಿಗೆ ಅವುಗಳ ಅಂದ ಮರೆಯುವುದಿಲ್ಲ. ನಳಿಕೆಯ ಮೇಲೆಲ್ಲ ಹುಲಿಯ ಪಟ್ಟೆಯ ಬಬ್ರಿ ಗುರುತು, ಬುಡದಲ್ಲಿ ಹೈದರನ ಹೆಸರಿನ ಮುದ್ರೆ, ಬೆಳ್ಳಿ ಬಂಗಾರದ ಕೆತ್ತನೆ. ಜೋಡಿ ಪಿಸ್ತೂಲುಗಳಲ್ಲಿ ಒಂದರ ಚಾಪು ಬಲಕ್ಕೆ, ಇನ್ನೊಂದರದು ಎಡಕ್ಕೆ. 2015ರ ಏಪ್ರಿಲಿನಲ್ಲಿ ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ ಟಿಪ್ಪುವಿನ ಕಾಲದ ಕತ್ತಿ, ಕೋವಿ, ಫಿರಂಗಿಗಳ ಒಂದು ಸಂಗ್ರಹ ಒಟ್ಟು 60 ಲಕ್ಷ ಪೌಂಡಿಗೂ ಹೆಚ್ಚು ಬೆಲೆಗೆ ಹೋಯಿತು. ಆದರೆ ನಳಿಕೆಯ ಹೊರಗಿನ ಬಂಗಾರ ಒಳಗಿನ ಗುಂಡಿಗೆ ದಾರಿ ತೋರಿಸುವುದಿಲ್ಲ. ರಾಬಿನ್ಸ್ ಕಂಡ ನಿಯಮ ಸುಲ್ತಾನನ ಪಿಸ್ತೂಲಿಗೂ ಒಂದೇ, ಸಿಪಾಯಿಯ ಕೋವಿಗೂ ಒಂದೇ.

ರಾಬಿನ್ಸನ ಬದುಕು ಮುಗಿದದ್ದು ನಮಗೆ ಹತ್ತಿರದಲ್ಲೇ. ಈಸ್ಟ್ ಇಂಡಿಯಾ ಕಂಪನಿ ಆತನನ್ನು ಕೋಟೆಗಳನ್ನು ಭದ್ರಪಡಿಸುವ ಕೆಲಸಕ್ಕೆ ಕರೆಸಿಕೊಂಡಿತು. 1750ರಲ್ಲಿ ಕೋರಮಂಡಲ ತೀರಕ್ಕೆ ಬಂದ ಆತ, 1751ರ ಜುಲೈ 29ರಂದು ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡ. ಬರುವ ಮುಂಚಿನ ವರ್ಷಗಳಲ್ಲಿ ರಾಕೆಟ್‌ಗಳು ಎಷ್ಟು ಎತ್ತರಕ್ಕೆ ಏರುತ್ತವೆ ಎಂಬುದರ ಮೇಲೂ ಆತ ಪ್ರಯೋಗ ಮಾಡಿದ್ದ. ಅದೇ 1750ರ ದಶಕದ ಮೊದಲಲ್ಲಿ ಹೈದರ್ ಮೈಸೂರು ಸೈನ್ಯದ ಜೊತೆ ಅದೇ ಸೀಮೆಯ ಯುದ್ಧಗಳಲ್ಲಿ ಇದ್ದ. ಇಬ್ಬರೂ ಒಬ್ಬರನ್ನೊಬ್ಬರು ಕಾಣಲಿಲ್ಲ. ಒಬ್ಬ ಹಲಗೆಯ ಮೇಲೆ ಅಳೆದದ್ದನ್ನು ಇನ್ನೊಬ್ಬ ರಣರಂಗದಲ್ಲಿ ಅಳೆಯುತ್ತಿದ್ದ.

ಹೈದರನ ಕಾಲದ ದೊಡ್ಡ ಬದಲಾವಣೆ ಎಂದರೆ ರಾಕೆಟ್ಟಿನ ಮದ್ದು ತುಂಬುವ ಕೊಳವೆ ಕಬ್ಬಿಣದ್ದಾಯಿತು. ಯೂರೋಪಿನಲ್ಲಿ ಅದು ದಪ್ಪ ಕಾಗದದ್ದು, ಬಾಣಬಿರುಸಿನಂತೆ. ಕಾಗದದ ಕೊಳವೆಯಲ್ಲಿ ಮದ್ದನ್ನು ಒತ್ತಿ ತುಂಬಿದರೆ ಉರಿಯುವಾಗ ಅದು ಸೀಳಿಹೋಗುತ್ತದೆ. ಕಬ್ಬಿಣದ್ದು ತಾಳುತ್ತದೆ. ಆದ್ದರಿಂದ ಮದ್ದನ್ನು ಗಟ್ಟಿಯಾಗಿ ಜಡಿಯಬಹುದು, ಒಳಗಿನ ಒತ್ತಡ ಏರುತ್ತದೆ, ನೂಕು ಬಲವಾಗುತ್ತದೆ, ದೂರ ಹೋಗುತ್ತದೆ. ವುಲ್ವಿಚ್ಚಿನ ಫಿರಂಗಿ ಸಂಗ್ರಹಾಲಯಕ್ಕೆ ಸೇರಿದ ಎರಡು ಮೈಸೂರು ರಾಕೆಟ್‌ಗಳ ಅಳತೆ ಹೀಗಿದೆ. ಒಂದರ ಕೊಳವೆ ಸುಮಾರು 10 ಅಂಗುಲ ಉದ್ದ, 2.3 ಅಂಗುಲ ದಪ್ಪ. ಅದನ್ನು ಚರ್ಮದ ಪಟ್ಟಿಯಿಂದ 3 ಅಡಿ 4 ಅಂಗುಲದ ನೇರ ಕತ್ತಿಯ ಅಲಗಿಗೆ ಬಿಗಿದಿದ್ದಾರೆ. ಇನ್ನೊಂದರ ಕೊಳವೆ 7.8 ಅಂಗುಲ ಉದ್ದ, ಒಂದೂವರೆ ಅಂಗುಲ ದಪ್ಪ. ಅದಕ್ಕೆ ಕಟ್ಟಿರುವುದು 6 ಅಡಿ 3 ಅಂಗುಲದ ಬಿದಿರಿನ ಗಳು. ಅಂಗೈಯಲ್ಲಿ ಹಿಡಿಯಬಹುದಾದ ಕೊಳವೆಗೆ ಆಳುದ್ದದ ಬಾಲ! ಆ ಬಾಲವೇ ಅದರ ಗುರಿಯ ಆಧಾರ. ಕೊಳವೆ ತಲೆಕೆಳಗಾಗದಂತೆ ಹಿಡಿದಿಡುವುದು ಅದು. ಆದರೆ ದೀಪಾವಳಿಯಲ್ಲಿ ರಾಕೆಟ್ ಹಚ್ಚಿದವರಿಗೆಲ್ಲ ಗೊತ್ತು, ಅಡ್ಡಗಾಳಿ ಬೀಸಿದರೆ ಅದು ಗಾಳಿ ಬರುವ ದಿಕ್ಕಿಗೇ ಮೂತಿ ತಿರುಗಿಸುತ್ತದೆ. ಬಾಲಕ್ಕೆ ಗಾಳಿ ಬಡಿದು ತಲೆ ಎದುರಿಗೆ ಹೊರಳುವುದರಿಂದ ಹಾಗಾಗುತ್ತದೆ.

ಈ ದೋಷವನ್ನು ಹೈದರ್ ಮತ್ತು ಟಿಪ್ಪು ಕಳೆಯಲಿಲ್ಲ, ಅದರ ಸುತ್ತ ದಾರಿ ಹುಡುಕಿದರು. ಮೊದಲನೆಯದು ಸಂಖ್ಯೆ. ಹೈದರನ ಸೈನ್ಯದಲ್ಲಿ ರಾಕೆಟ್ಟಿನವರು ಸುಮಾರು 1,200 ಜನ. ಟಿಪ್ಪುವಿನ ಕಾಲಕ್ಕೆ ಅದು 5,000ದ ವರೆಗೆ ಏರಿತು. ಟಿಪ್ಪುವಿನ ಸೇನಾ ಕೈಪಿಡಿ ಫತ್‌ಹುಲ್ ಮುಜಾಹಿದೀನ್ ಪ್ರಕಾರ ಪ್ರತಿ ಕುಶೂನಿಗೆ, ಅಂದರೆ ಬ್ರಿಗೇಡಿಗೆ, 200 ಜನ ರಾಕೆಟ್ಟಿನವರು. ಎರಡನೆಯದು ಲೆಕ್ಕ. ಕೊಳವೆಯ ದಪ್ಪ, ಗುರಿಯ ದೂರ ನೋಡಿ ಯಾವ ಓರೆಯಲ್ಲಿ ಇಟ್ಟು ಹಾರಿಸಬೇಕು ಎಂಬುದನ್ನು ಅವರಿಗೆ ಕಲಿಸಿರುತ್ತಿದ್ದರು. ಗಾಲಿಯ ಚೌಕಟ್ಟಿನಿಂದ ಒಮ್ಮೆಗೇ ಹಲವನ್ನು ಹಾರಿಸುವ ಏರ್ಪಾಡೂ ಇತ್ತು. ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದದ್ದು. ಎಂಥ ಗುರಿಗೆ ಅದನ್ನು ಬಳಸಬೇಕು ಎಂಬ ತಿಳಿವಳಿಕೆ. ಒಬ್ಬ ಸವಾರನಿಗೆ ರಾಕೆಟ್ ಹಾರಿಸುವುದು ದಂಡ. ಸಾಲುಗಟ್ಟಿ ನಿಂತ ಪಡೆಗೆ, ಕುದುರೆ ಹಿಂಡಿಗೆ, ಮದ್ದಿನ ಗಾಡಿಗಳ ಗುಂಪಿಗೆ ಹಾರಿಸಿದರೆ ಅತ್ತ ಇತ್ತ ಹೋದರೂ ಏನಾದರೊಂದು ಸಿಗುತ್ತದೆ. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಕರ್ನಲ್ ಬೈಲಿಯ ಮದ್ದಿನ ಗಾಡಿಗಳು ಸಿಡಿದು ಆತನ ಪಡೆ ಮುರಿದುಬಿತ್ತು. ರಾಕೆಟ್ಟೇ ಅದಕ್ಕೆ ಕಾರಣ ಎಂದು ಬಹಳ ಜನ ಬರೆದಿದ್ದಾರೆ. ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯ ಮೇಲೆ ಆ ಸ್ಫೋಟವನ್ನು ಇಂದಿಗೂ ನೋಡಬಹುದು.

ಈ ಲೆಕ್ಕಾಚಾರದ ಹಿಂದೆ ಖಜಾನೆಯೂ ಇತ್ತು. ಹೈದರ್, ಟಿಪ್ಪು ಇಬ್ಬರ ಹಣಕಾಸನ್ನೂ ನೋಡಿಕೊಂಡವರು ಪೂರ್ಣಯ್ಯನವರು. ಫಿರಂಗಿ ಎರಕಕ್ಕೆ ಹಿತ್ತಾಳೆ ಕಂಚು ಬೇಕು, ಎಳೆಯಲು ಎತ್ತಿನ ಹಿಂಡು ಬೇಕು, ಎತ್ತಿಗೆ ಮೇವು ಬೇಕು. ರಾಕೆಟ್ಟಿಗೆ ಕಮ್ಮಾರನ ಕುಲುಮೆ, ಬಿದಿರು, ಚರ್ಮದ ಪಟ್ಟಿ, ಮದ್ದು ಸಾಕು. ಹೊರಲು ಮನುಷ್ಯನ ಹೆಗಲು.  

ಆಯುಧದ ಬೆಲೆಯನ್ನು ಬರೀ ಗುರಿಯಿಂದ ಅಳೆಯಬಾರದು ಎಂಬುದಕ್ಕೆ ಮುಳಬಾಗಿಲಿನಲ್ಲಿ ನಡೆದದ್ದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ. 1768ರ ಅಕ್ಟೋಬರ್ 4. ಮೊದಲ ಮೈಸೂರು ಯುದ್ಧ. ಮುಳಬಾಗಿಲಿನ ಬೆಟ್ಟದ ಕೋಟೆ ಹೈದರನ ಕೈಗೆ ಮರಳಿತ್ತು, ಅದನ್ನು ಹಿಂದಕ್ಕೆ ಪಡೆಯಲು ಇಂಗ್ಲಿಷರ ಕರ್ನಲ್ ವುಡ್ ಬಂದಿದ್ದ. ಸಣ್ಣ ತುಕಡಿ ಎಂದುಕೊಂಡು ಮುಂದೆ ಹೋದವನಿಗೆ ಹೈದರನ ಇಡೀ ಸೈನ್ಯ ಎದುರಾಯಿತು. ಸುತ್ತ ಎಲ್ಲಿ ನೋಡಿದರೂ ಬಂಡೆ. ಬೆಂಗಳೂರು–ತಿರುಪತಿ ರಸ್ತೆಯಲ್ಲಿ ಹೋಗುವವರು ಇಂದಿಗೂ ನೋಡುವ ಅದೇ ಗುಂಡುಕಲ್ಲುಗಳು. ಆ ಕಲ್ಲುಗಳ ನಡುವೆ ಹೈದರನ ಪ್ರಬಲ ಕುದುರೆ ಪಡೆ ಹರಡಿಕೊಳ್ಳಲಾಗಲಿಲ್ಲ. ಆದರೂ ವುಡ್‌ನ ಪಡೆ ಸೋಲುವ ಹಂತಕ್ಕೆ ಬಂದಿತ್ತು. ಆಗ ಸಾಮಾನು ಕಾಯಲು ಹಿಂದೆ ಉಳಿದಿದ್ದ ಕ್ಯಾಪ್ಟನ್ ಬ್ರೂಕ್, ಗಾಯಗೊಂಡವರನ್ನೂ ಜೊತೆಗೆ ಕರೆದುಕೊಂಡು, ಎರಡು ಫಿರಂಗಿಗಳನ್ನು ಒಂದು ಚಪ್ಪಟೆ ಬಂಡೆಯ ಮೇಲಕ್ಕೆ ಎಳೆಸಿದ. ಗುಂಡು ಹಾರಿಸುತ್ತ ಎಲ್ಲರೂ ಒಟ್ಟಾಗಿ ‘ಸ್ಮಿತ್, ಸ್ಮಿತ್’ ಎಂದು ಜಯಕಾರ ಹಾಕಿದರು. ಕರ್ನಲ್ ಸ್ಮಿತ್‌ನ ದೊಡ್ಡ ಸೈನ್ಯ ಬಂದೇಬಿಟ್ಟಿತು ಎಂದು ಹೈದರನ ಪಡೆ ಹಿಂದೆ ಸರಿಯಿತು. ಸ್ಮಿತ್ ಅಲ್ಲೆಲ್ಲೂ ಇರಲಿಲ್ಲ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದಲ್ಲಿ ಇದನ್ನು ವಿವರವಾಗಿ ಬರೆದಿದ್ದಾನೆ. ಎರಡು ಫಿರಂಗಿಗಳ ಗುಂಡು ಎಷ್ಟು ಜನರಿಗೆ ತಗುಲಿತು ಎಂಬುದರಿಂದ ಆ ದಿನದ ಫಲ ನಿರ್ಧಾರವಾಗಲಿಲ್ಲ. ಅವು ಎಲ್ಲಿ ನಿಂತವು, ಯಾವ ಗಳಿಗೆಯಲ್ಲಿ ಸದ್ದು ಮಾಡಿದವು, ಆ ಸದ್ದನ್ನು ಎದುರಿನವರು ಏನೆಂದು ತಿಳಿದರು ಎಂಬುದರಿಂದ ಆಯಿತು.

ಹೆದರಿಕೆಯ ಈ ಲೆಕ್ಕ ಮೂವತ್ತು ವರ್ಷಗಳ ನಂತರ ಇಂಗ್ಲಿಷರಿಗೇ ತಿರುಗಿ ಬಂತು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನ್‌ಪೇಟೆಯ ತೋಪಿಗೆ ನುಗ್ಗಿದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಡೆ, ಕತ್ತಲಲ್ಲಿ ರಾಕೆಟ್ಟು ಕೋವಿಗಳ ಮಳೆಗೆ ಸಿಕ್ಕಿ ದಿಕ್ಕೆಟ್ಟಿತು. ಆತನಿಗೇ ಮೊಣಕಾಲಿಗೆ ಪೆಟ್ಟು ಬಿತ್ತು. ಮುಂದೆ ವೆಲಿಂಗ್ಟನ್ ಡ್ಯೂಕ್ ಎಂದು ಲೋಕಪ್ರಸಿದ್ಧನಾದವನು ಇವನೇ. ಮೇ 4ರಂದು ಕೋಟೆ ಬಿದ್ದಿತು, ಟಿಪ್ಪು ಮಡಿದ. ಕೋಟೆಯೊಳಗೆ 600 ಉಡಾವಣೆ ಚೌಕಟ್ಟು, ಬಳಕೆಗೆ ಸಿದ್ಧವಾಗಿದ್ದ 700 ರಾಕೆಟ್, 9,000 ಖಾಲಿ ಕೊಳವೆಗಳು ಸಿಕ್ಕವು ಎಂಬ ಲೆಕ್ಕವಿದೆ. ಹಲವು ಮಾದರಿಗಳು ಇಂಗ್ಲೆಂಡಿಗೆ ಹಡಗೇರಿದವು.

ಅಲ್ಲಿ, ವುಲ್ವಿಚ್ ಶಸ್ತ್ರಾಗಾರದಲ್ಲಿ ರಾಕೆಟ್ ಪ್ರಯೋಗ ನಡೆಸಿದ ವಿಲಿಯಂ ಕಾಂಗ್ರೀವ್ ಇದ್ದ. 1804ರ ಸುಮಾರಿಗೆ ಆತ ಮಾಡಿದ ಮೊದಲ ಕೆಲಸ ತುಂಬ ಸರಳವಾದದ್ದು, ಅದಕ್ಕೇ ನನಗೆ ಮೆಚ್ಚುಗೆ. ಲಂಡನ್ನಿನ ಪಟಾಕಿ ತಯಾರಕರಲ್ಲಿ ಸಿಗುವ ಅತಿ ದೊಡ್ಡ ರಾಕೆಟ್‌ಗಳನ್ನು ಸ್ವಂತ ಹಣದಿಂದ ಕೊಂಡು ಹಾರಿಸಿ ನೋಡಿದ. ಅವು ಹೋದದ್ದು 500–600 ಗಜ. ಮೈಸೂರಿನವು ಅದಕ್ಕಿಂತ ದೂರ ಹೋಗುತ್ತಿದ್ದವು ಎಂದು ಅವನಿಗೆ ಗೊತ್ತಿತ್ತು. ವ್ಯತ್ಯಾಸ ಎಲ್ಲಿದೆ ಎಂದು ಹುಡುಕುತ್ತ ಆತನೂ ಕಬ್ಬಿಣದ ಕೊಳವೆಗೇ ಬಂದ. ನಂತರ ಇನ್ನೊಂದು ಕೆಲಸ ಮಾಡಿದ. ರಾಕೆಟ್ಟಿನ ಖರ್ಚನ್ನೂ ಮಾರ್ಟರ್ ಫಿರಂಗಿಯ ಖರ್ಚನ್ನೂ ಪಕ್ಕಪಕ್ಕದಲ್ಲಿ ಬರೆದು ಪ್ರಕಟಿಸಿದ. ಫಿರಂಗಿಯ ಲೆಕ್ಕಕ್ಕೆ ಗುಂಡಿನ ಬೆಲೆ ಮಾತ್ರವಲ್ಲ, ಅದನ್ನು ಹಾರಿಸುವ, ಸಾಗಿಸುವ ಖರ್ಚೂ ಸೇರಬೇಕು ಎಂಬುದು ಅವನ ವಾದ. ರಾಕೆಟ್ಟಿಗೆ ಫಿರಂಗಿಯೇ ಬೇಡ. ಹಿಂದಕ್ಕೆ ಒದೆಯುವುದಿಲ್ಲವಾದ್ದರಿಂದ ಸಣ್ಣ ದೋಣಿಯಿಂದಲೂ ಹಾರಿಸಬಹುದು.

ಗುರಿಯ ಪರೀಕ್ಷೆಯಲ್ಲಿ ಕಾಂಗ್ರೀವನ ರಾಕೆಟ್ ಸೋತಿತು ಎಂದೇ ಹೇಳಬೇಕು. 1806ರ ಅಕ್ಟೋಬರಿನಲ್ಲಿ ಫ್ರಾನ್ಸಿನ ಬುಲೋನ್ ಬಂದರಿನ ಹಡಗುಗಳ ಮೇಲೆ ಅರ್ಧ ಗಂಟೆ ರಾಕೆಟ್ ಹಾರಿಸಿದರು. ಹಡಗುಗಳು ಉಳಿದವು, ಪಕ್ಕದ ಊರು ಹೊತ್ತಿ ಉರಿಯಿತು. ಸುಲ್ತಾನ್‌ಪೇಟೆಯ ತೋಪಿನಲ್ಲಿ ಅದರ ರುಚಿ ಕಂಡಿದ್ದ ವೆಲಿಂಗ್ಟನ್ ತನ್ನ ಸೈನ್ಯಕ್ಕೆ ರಾಕೆಟ್ ಬೇಡವೆಂದ. ಊರು ಸುಡಲು ಮಾತ್ರ ಅದು ಉಪಯೋಗ, ತನಗೆ ಊರು ಸುಡುವ ಆಸೆಯಿಲ್ಲ ಎಂಬುದು ಅವನ ನಿಲುವು. ಆದರೆ 1813ರ ಅಕ್ಟೋಬರಿನಲ್ಲಿ ಲೈಪ್‌ಜಿಗ್ ಯುದ್ಧದಲ್ಲಿ ಒಂದು ಸಣ್ಣ ರಾಕೆಟ್ ತುಕಡಿ ಹತ್ತಿರದಿಂದ ಹಾರಿಸಿದ್ದಕ್ಕೆ ಒತ್ತೊತ್ತಾಗಿ ನಿಂತಿದ್ದ ಫ್ರೆಂಚ್ ಪಡೆ ಚದುರಿತು. ಎರಡೂ ನಿಜ. ಬುಲೋನಿನಲ್ಲಿ ತಪ್ಪಿದ್ದು ಗುರಿಯ ಆಯ್ಕೆ. ಲೈಪ್‌ಜಿಗ್ಗಿನಲ್ಲಿ ಅದನ್ನು ಮೈಸೂರಿನವರಂತೆ ಬಳಸಿದರು.

ಗುರಿಯ ಸಮಸ್ಯೆಗೆ ಕೊನೆಗೆ ಉತ್ತರ ಬಂದದ್ದು ರಾಬಿನ್ಸ್ ಕಂಡ ನಿಯಮದಿಂದಲೇ, ಆತ ಸತ್ತು ತೊಂಬತ್ತು ವರ್ಷ ಕಳೆದ ಮೇಲೆ. 1844ರಲ್ಲಿ ವಿಲಿಯಂ ಹೇಲ್ ಎಂಬಾತ ರಾಕೆಟ್ಟಿನ ಬಾಲವನ್ನೇ ತೆಗೆದುಹಾಕಿ, ಉರಿ ಹೊರಬರುವ ರಂಧ್ರಗಳನ್ನು ಓರೆಯಾಗಿಸಿದ. ಹೊರಬರುವ ಅನಿಲವೇ ರಾಕೆಟ್ಟನ್ನು ಅಚ್ಚಿನ ಸುತ್ತ ತಿರುಗಿಸಿತು. ಸುರುಳಿ ಗೆರೆ ಕೊರೆದ ನಳಿಕೆ ಗುಂಡಿಗೆ ಮಾಡುವುದನ್ನು ಇಲ್ಲಿ ಉರಿಯೇ ಮಾಡಿತು. ಆದರೆ ಅಷ್ಟರಲ್ಲಿ ಎದುರಾಳಿ ಬದಲಾಗಿದ್ದ. 1850ರ ದಶಕದಿಂದ ಫಿರಂಗಿಗಳ ನಳಿಕೆಯಲ್ಲೂ ಸುರುಳಿ ಗೆರೆ ಬಂತು, ಸಿಪಾಯಿಯ ಕೋವಿಯಲ್ಲೂ ಬಂತು. ದುಬಾರಿ ಆಯುಧ ನಿಜವಾಗಿಯೂ ಗುರಿ ಮುಟ್ಟತೊಡಗಿದ ದಿನ ಅಗ್ಗದ ರಾಕೆಟ್ಟಿನ ಬೆಲೆ ಇಳಿಯಿತು. ರಾಕೆಟ್ ಕೆಟ್ಟದಾಗಲಿಲ್ಲ; ಪಕ್ಕದಲ್ಲಿಟ್ಟು ಅಳೆಯುವ ವಸ್ತು ಉತ್ತಮವಾಯಿತು. ಕಡಿಮೆ ಬೆಲೆಯ ಯಾವ ಆಯುಧವನ್ನಾದರೂ ತೂಗುವಾಗ ಕೇಳಬೇಕಾದದ್ದು ಇಷ್ಟು: ಯಾವುದಕ್ಕೆ ಹೋಲಿಸಿ, ಎಷ್ಟು ದೂರಕ್ಕೆ, ಎಂಥ ಗುರಿಗೆ. ಹೈದರನ ಕಾಲದಲ್ಲಿ ಹೋಲಿಕೆ ನಾಲ್ಕರಲ್ಲಿ ಮೂರು ತಪ್ಪುವ ಕೋವಿಯ ಜೊತೆ. ಆ ಲೆಕ್ಕದಲ್ಲಿ ರಾಕೆಟ್ ಗೆದ್ದಿತು.

ಇದನ್ನೆಲ್ಲ ಕಬ್ಬಿಣದ ಬಲ, ಮದ್ದಿನ ಒತ್ತಡಗಳ ಭಾಷೆಯಲ್ಲಿ ಮೊದಲಿಗೆ ಸರಿಯಾಗಿ ಬಿಡಿಸಿ ಹೇಳಿದವರು ನಮ್ಮವರೇ ಆದ ರೊದ್ದಂ ನರಸಿಂಹ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ನಿರ್ದೇಶಕರಾಗಿದ್ದ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ಬಗ್ಗೆ ಒಂದು ಪ್ರಬಂಧ ಬರೆದರು. ಮೈಸೂರು ಸೀಮೆಯ ಕಮ್ಮಾರರಿಗೆ ಒಳ್ಳೆಯ ಕಬ್ಬಿಣ ಸಿಗುತ್ತಿದ್ದದ್ದೂ ಅದನ್ನು ಬಡಿದು ಕೊಳವೆ ಮಾಡುವ ಕೈಚಳಕ ಇದ್ದದ್ದೂ ಈ ರಾಕೆಟ್ಟಿನ ಮೂಲ ಎಂದು ತೋರಿಸಿದರು. ಆ ಬಲವನ್ನು ವಿಜ್ಞಾನದ ಲೆಕ್ಕವಾಗಿಸುವ ಕೆಲಸ ಇಲ್ಲಿ ಆಗದೆ ಅಲ್ಲಿ ಆಯಿತು ಎಂಬ ಕೊರಗು ಅವರ ಬರಹದಲ್ಲಿದೆ. ನನಗೂ ಅದೇ ಕೊರಗು. ನಮ್ಮ ಕಮ್ಮಾರರಲ್ಲಿ ಒಬ್ಬನ ಹೆಸರೂ ನಮಗೆ ಉಳಿದಿಲ್ಲ.

ಆದರೆ ಅವರ ಕೈಕೆಲಸ ಉಳಿದಿತ್ತು, ಬಾವಿಯೊಳಗೆ. ಶಿವಮೊಗ್ಗ ಜಿಲ್ಲೆಯ ನಗರ ಒಂದು ಕಾಲದಲ್ಲಿ ಕೆಳದಿ ಅರಸರ ರಾಜಧಾನಿ ಬಿದನೂರು. 1763ರಲ್ಲಿ ಹೈದರ್ ಅದನ್ನು ಗೆದ್ದು ಹೈದರ್‌ನಗರ ಎಂದು ಕರೆದು, ಅಲ್ಲಿ ಟಂಕಸಾಲೆ, ಶಸ್ತ್ರಾಗಾರ ಇಟ್ಟ. 2002ರಲ್ಲಿ ಅಲ್ಲಿನ ತೋಟವೊಂದರ ಹಾಳು ಬಾವಿಯಲ್ಲಿ ತುಕ್ಕು ಹಿಡಿದ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಫಿರಂಗಿ ಗುಂಡುಗಳಿರಬೇಕೆಂದು ತಿಳಿದು ಶಿವಮೊಗ್ಗದ ಶಿವಪ್ಪನಾಯಕ ಅರಮನೆ ಸಂಗ್ರಹಾಲಯದಲ್ಲಿ ಇಟ್ಟರು. ಅವು ರಾಕೆಟ್‌ಗಳು ಎಂದು ಗುರುತು ಸಿಕ್ಕಿದ್ದು 2013ರಲ್ಲಿ. ಬಾವಿಯ ಮಣ್ಣಿನಿಂದ ಮದ್ದಿನ ವಾಸನೆ ಬರುತ್ತಿತ್ತು. ಅದರ ಜಾಡು ಹಿಡಿದು 2018ರ ಜುಲೈನಲ್ಲಿ ರಾಜ್ಯ ಪುರಾತತ್ವ ಇಲಾಖೆಯ ಸಹಾಯಕ ನಿರ್ದೇಶಕ ಆರ್. ಶೇಜೇಶ್ವರ ನಾಯಕರ ತಂಡ ಮತ್ತೆ ಅಗೆಯಿತು. 15 ಜನ, ಮೂರು ದಿನ. ಸಾವಿರಕ್ಕೂ ಮಿಗಿಲಾದ ರಾಕೆಟ್‌ಗಳು ಮೇಲೆ ಬಂದವು. ಅವುಗಳ ಒಳಗೆ ಮದ್ದು ಇನ್ನೂ ಇತ್ತು. ಜಗತ್ತಿನ ಬೇರೆ ಸಂಗ್ರಹಾಲಯಗಳಲ್ಲಿ ಬೆರಳೆಣಿಕೆಯಷ್ಟು ಮಾತ್ರ ಇದ್ದ ವಸ್ತು ಒಮ್ಮೆಗೇ ಸಾವಿರ ಆಯಿತು. ಒಂದು ಕೊಳವೆ ನೋಡಿ ಮೈಸೂರು ರಾಕೆಟ್ ಹೀಗಿತ್ತು ಎನ್ನುವ ಕಾಲ ಹೋಗಿ, ಸಾವಿರವನ್ನು ಪಕ್ಕಪಕ್ಕ ಇಟ್ಟು ಉದ್ದ, ದಪ್ಪ, ತೂಕದಲ್ಲಿ ಎಷ್ಟು ಏರುಪೇರು ಇತ್ತು ಎಂದು ಅಳೆಯುವ ಅವಕಾಶ ಬಂತು. ಆಯುಧದ ಗುರಿ ನಿಂತಿರುವುದೇ ಆ ಏರುಪೇರಿನ ಮೇಲೆ. ರಾಬಿನ್ಸ್ ಇದ್ದಿದ್ದರೆ ಅಲ್ಲಿಂದ ಕದಲುತ್ತಿರಲಿಲ್ಲ.

ನಗರದ ಆ ಬಾವಿಯ ವಿಷಯ ಹೊರಗೆ ಬಂದದ್ದು, ಸಿಕ್ಕ ಕಬ್ಬಿಣವನ್ನು ಗುಜರಿಗೆ ಹಾಕದೆ ಸರ್ಕಾರಕ್ಕೆ ಒಪ್ಪಿಸಿದ್ದರಿಂದ. ಕೋಲಾರ ಜಿಲ್ಲೆಯೂ ಹೈದರ್, ಟಿಪ್ಪು ಇಬ್ಬರ ಯುದ್ಧಗಳು ಹಾದುಹೋದ ನೆಲ. 1768ರಲ್ಲಿ ಮುಳಬಾಗಿಲಿನಲ್ಲಿ ಕಾದಾಟ ನಡೆಯಿತು. 1791ರ ಫೆಬ್ರುವರಿಯಲ್ಲಿ ಇಂಗ್ಲಿಷರ ಕಾರ್ನ್‌ವಾಲಿಸ್ ಮುಗಳಿ ಕಣಿವೆ ಹತ್ತಿ ಕೋಲಾರ, ಹೊಸಕೋಟೆಗಳ ಮೇಲೆಯೇ ಬೆಂಗಳೂರಿಗೆ ಹೋದ. ಮಾಲೂರಿನಲ್ಲಿ ಇಟ್ಟಿಗೆ, ಹೆಂಚಿಗೆ ಮಣ್ಣು ತೆಗೆಯುವವರಲ್ಲಿ, ಶ್ರೀನಿವಾಸಪುರದ ಮಾವಿನ ತೋಟಗಳಲ್ಲಿ ಹಳೆಯ ಬಾವಿ ಹೂಳೆತ್ತುವವರಲ್ಲಿ, ಬೂದಿಕೋಟೆ, ಮುಳಬಾಗಿಲಿನ ಬೆಟ್ಟದ ತಪ್ಪಲಲ್ಲಿ ಹೊಲ ಉಳುವವರಲ್ಲಿ ನನ್ನದೊಂದು ವಿನಂತಿ. ಗೇಣುದ್ದದ, ಒಂದು ತುದಿ ಮುಚ್ಚಿದ ತುಕ್ಕು ಕೊಳವೆ ಕೈಗೆ ಸಿಕ್ಕರೆ ಅದನ್ನು ಬಡಿಯಬೇಡಿ, ಬಿಚ್ಚಬೇಡಿ, ಬೆಂಕಿಯ ಹತ್ತಿರ ಇಡಬೇಡಿ. ಎರಡು ಶತಮಾನ ಕಳೆದರೂ ಒಳಗೆ ಮದ್ದು ಇರಬಹುದು. ಕಿಲೋ ಲೆಕ್ಕಕ್ಕೆ ಮಾರಬೇಡಿ. ಸಿಕ್ಕ ಜಾಗವನ್ನು ಹಾಗೆಯೇ ಬಿಟ್ಟು ತಹಶೀಲ್ದಾರರ ಕಚೇರಿಗೋ ಪುರಾತತ್ವ ಇಲಾಖೆಗೋ ತಿಳಿಸಿ.